16 ಚುಕ್ಕಿ, 16 ಸಾಲು

ವಿಸಿಎಸ್3 ಸಿಂಥಸೈಜರನ್ನು ಚುಕ್ಕಿ ರಂಗೋಲಿ ಹಾಕಿ ಬೆಳೆದವರ ಮುಂದಿಟ್ಟರೆ ಅದರ ಮುಖ ಥಟ್ಟನೆ ಪರಿಚಿತವೆನಿಸುತ್ತದೆ. 16 ಚುಕ್ಕಿ, 16 ಸಾಲು. ಒಟ್ಟು 256 ಪುಟ್ಟ ತೂತುಗಳು. ಲಂಡನ್ನಿನ ಇಎಂಎಸ್ ಕಂಪನಿ 1969ರಲ್ಲಿ ಹೊರತಂದ ಈ ಯಂತ್ರದ ಹಿಂದೆ ಪೀಟರ್ ಝಿನೊವೀಫ್, ಸಂಗೀತ ಸಂಯೋಜಕ ಟ್ರಿಸ್ಟ್ರಾಮ್ ಕ್ಯಾರಿ ಮತ್ತು ಸರ್ಕ್ಯೂಟುಗಳನ್ನು ರೂಪಿಸಿದ ಡೇವಿಡ್ ಕಾಕರೆಲ್ ಇದ್ದರು.

ಆಗಿನ ಸಿಂಥಸೈಜರುಗಳಲ್ಲಿ ಸದ್ದು ಹುಟ್ಟಿಸುವ ಆಸಿಲೇಟರ್ ಒಂದು ಕಡೆ, ಅದನ್ನು ಸೋಸುವ ಫಿಲ್ಟರ್ ಇನ್ನೊಂದು ಕಡೆ. ಸಿಗ್ನಲ್ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ನುಡಿಸುವವರೇ ದಾರಿ ಹಾಕಿಕೊಡಬೇಕು. ಅಮೆರಿಕದ ಮೂಗ್ ಮಾಡ್ಯುಲರ್‌ನಲ್ಲಿ ಆ ಕೆಲಸಕ್ಕೆ ಪ್ಯಾಚ್ ವೈರುಗಳಿದ್ದವು, ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದಂತೆ. ಅಂಥದೊಂದು ಮೂಗ್ ಅದೇ 1969ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೂ ಬಂತು; ಜೋಡಿಸಿ ಕೊಟ್ಟವರು ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮುಂತಾದವರು ಅದರಲ್ಲಿ ಮಾಡಿದ ಟೇಪುಗಳು ದಶಕಗಟ್ಟಲೆ ಅಲ್ಲಿನ ಕಪಾಟಿನಲ್ಲೇ ಉಳಿದವು.

ವಿಸಿಎಸ್3ರಲ್ಲಿ ವೈರಿನ ಜಾಗಕ್ಕೆ ಬಂದದ್ದು ಪಿನ್ನು. ಅಡ್ಡಸಾಲು ಸಿಗ್ನಲ್ ಹೊರಡುವ ಜಾಗ, ಕಂಬಸಾಲು ತಲುಪುವ ಜಾಗ. ಎರಡೂ ಕೂಡುವ ತೂತಿಗೆ ಪಿನ್ನು ಚುಚ್ಚಿದರೆ ದಾರಿ ತೆರೆಯಿತು. ಈ ಯಂತ್ರದ ಜಾಣತನವೆಲ್ಲ ಆ ಪಿನ್ನಿನ ಹೊಟ್ಟೆಯಲ್ಲಿದೆ ಎನ್ನುವವನು ನಾನು. ಅದರೊಳಗೆ ಒಂದು ರೆಸಿಸ್ಟರ್ ಕೂತಿರುತ್ತದೆ. ಅದಿಲ್ಲದಿದ್ದರೆ ಒಂದೇ ಕಂಬಸಾಲಿಗೆ ಎರಡು ಪಿನ್ನು ಹಾಕಿದೊಡನೆ ಎರಡು ಔಟ್‌ಪುಟ್‌ಗಳು ನೇರ ಡಿಕ್ಕಿಯಾಗಿ ಶಾರ್ಟ್ ಆಗುತ್ತಿದ್ದವು. ರೆಸಿಸ್ಟರ್ ಇರುವುದರಿಂದ ಅವು ಜಗಳವಾಡದೆ ಬೆರೆಯುತ್ತವೆ. ಬಿಳಿ ಪಿನ್ನಿನ ಬದಲು ಹಸಿರು ಪಿನ್ನು ಹಾಕಿ ನೋಡಿ: ಒಳಗಿನ ರೆಸಿಸ್ಟರ್ ದೊಡ್ಡದು, ಸಿಗ್ನಲ್ ಸೊರಗಿ ಹೋಗುತ್ತದೆ. ಉಪ್ಪು ಚಿಟಿಕೆಯೋ ಚಮಚವೋ ಎಂಬುದನ್ನು ಪಿನ್ನಿನ ಬಣ್ಣವೇ ಹೇಳಿದಂತೆ.

ಫಿಲ್ಟರಿನಿಂದ ಹೊರಬಂದದ್ದನ್ನು ಮತ್ತೆ ಫಿಲ್ಟರಿಗೇ ಕಳಿಸಬೇಕೆ? ಒಂದು ಪಿನ್ನು ಸಾಕು. ಪಕ್ಕದ ತೂತಿಗೆ ಕೈತಪ್ಪಿ ಚುಚ್ಚಿದರೂ ಏನೋ ಒಂದು ಸದ್ದು ಬರುತ್ತದೆ, ಎಷ್ಟೋ ಸಲ ಬೇಕೆಂದದ್ದಕ್ಕಿಂತ ಒಳ್ಳೆಯದು. 1970ರ ಮಿನಿಮೂಗ್‌ನಲ್ಲಿ ಈ ಸುಖವಿಲ್ಲ. ದಾರಿಗಳನ್ನು ಕಾರ್ಖಾನೆಯಲ್ಲೇ ಬೆಸುಗೆ ಹಾಕಿಬಿಟ್ಟಿದ್ದರು; ವೇದಿಕೆಯ ಮೇಲೆ ಅದು ಗೆದ್ದದ್ದೂ ಅದರಿಂದಲೇ.

ವಿಸಿಎಸ್3ಗೆ ನೆನಪೆಂಬುದಿರಲಿಲ್ಲ. ಪಿನ್ನು ಕಿತ್ತರೆ ಸ್ವರವೂ ಹೋಯಿತು. ಹಾಗಾಗಿ ಚೌಕಗಳನ್ನು ಅಚ್ಚು ಹಾಕಿದ ಹಾಳೆಯ ಮೇಲೆ ಪಿನ್ನಿದ್ದ ಕಡೆಯೆಲ್ಲ ಗುರುತು ಮಾಡಿ ಇಟ್ಟುಕೊಳ್ಳುತ್ತಿದ್ದರು. ಮರುದಿನ ಅದನ್ನೇ ನೋಡಿ ಒಂದೂ ಬಿಡದೆ ಚುಚ್ಚಿದರೂ, ಕೋಣೆ ಬಿಸಿಯಾಗಿದ್ದರೆ ಆಸಿಲೇಟರಿನ ಶ್ರುತಿ ಜಾರಿರುತ್ತಿತ್ತು. ಮತ್ತೆ ಗುಬಟು ತಿರುಗಿಸುತ್ತ, ಕಿವಿಗೊಟ್ಟು ಹುಡುಕಬೇಕಿತ್ತು.