ನಿಮಗಿದು ಗೊತ್ತೆ? ಕೋಶ ಒಂದೇ, ಕರೆಂಟ್ ಮೂಲೆಗೊಂದು!

ಹೈಡ್ರೋಜನ್ ಇಂಧನಕೋಶದ ಎರಡು ತುದಿಗೆ ಮೀಟರ್ ಜೋಡಿಸಿದರೆ ಒಟ್ಟು ವೋಲ್ಟೇಜ್, ಒಟ್ಟು ಕರೆಂಟ್ ತಿಳಿಯುತ್ತದೆ. ಆದರೆ ಒಳಗಿನ ತೆಳು ಪೊರೆಯ ಯಾವ ಭಾಗ ದುಡಿಯುತ್ತಿದೆ, ಯಾವುದು ಸುಮ್ಮನೆ ಕುಳಿತಿದೆ ಎಂಬುದು ಆ ಮೀಟರಿಗೆ ಕಾಣದು.

ಕೆಲಸದ ಹಂಚಿಕೆ ಎಲ್ಲೆಡೆ ಸಮನಾಗಿರುವುದಿಲ್ಲ. ಗಾಳಿ ಒಳಬರುವ ಬಾಯಲ್ಲಿ ಆಮ್ಲಜನಕ ಧಾರಾಳ. ಆದರೆ ಆ ಗಾಳಿಯಲ್ಲಿ ತೇವವಿಲ್ಲದಿದ್ದರೆ ಪೊರೆ ಒಣಗಿ, ಅದರ ಮೂಲಕ ಸಾಗಬೇಕಾದ ಹೈಡ್ರೋಜನ್ ಪ್ರೋಟಾನ್‌ಗಳ ದಾರಿ ಕಠಿಣವಾಗುತ್ತದೆ. ಹೊರಹೋಗುವ ಕಡೆ ಆಮ್ಲಜನಕ ಕಡಿಮೆ. ಜತೆಗೆ, ಹೈಡ್ರೋಜನ್-ಆಮ್ಲಜನಕಗಳ ಕ್ರಿಯೆಯಲ್ಲೇ ಹುಟ್ಟಿದ ನೀರು ಹನಿಗಟ್ಟಿ, ಸೂಕ್ಷ್ಮ ರಂಧ್ರಗಳನ್ನೂ ಗಾಳಿಯ ಕಾಲುವೆಗಳನ್ನೂ ಮುಚ್ಚಿಬಿಡುತ್ತದೆ.

ಇದನ್ನು ಅಳೆಯುವ ಉಪಾಯ ನಿಜಕ್ಕೂ ಸೊಗಸಾದದ್ದು. ಕರೆಂಟ್ ಸಂಗ್ರಹಿಸುವ ಫಲಕವನ್ನು ಚದುರಂಗದ ಮಣೆಯಂತೆ ಚೌಕಚೌಕವಾಗಿ ವಿಭಾಗಿಸಿ, ಒಂದಕ್ಕೊಂದು ವಿದ್ಯುತ್ ಸೋರದಂತೆ ಬೇರ್ಪಡಿಸುತ್ತಾರೆ. ಪ್ರತಿ ಚೌಕಕ್ಕೂ ಒಂದು ಪುಟ್ಟ ರೆಸಿಸ್ಟರ್. ಅದರ ಎರಡು ಬದಿಯ ನಡುವಿನ ಮಿಲಿವೋಲ್ಟ್ ವ್ಯತ್ಯಾಸ ಅಳೆದು ಓಮ್ ನಿಯಮ ಅನ್ವಯಿಸಿದರೆ, ಆ ಚೌಕದ ಕರೆಂಟ್ ಎಷ್ಟೆಂಬುದು ಸಿಕ್ಕಿತು! 1998ರಲ್ಲಿ ಅಮೆರಿಕದ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದ ತಂಡ, ಟಿ.ವಿ., ಕಂಪ್ಯೂಟರುಗಳಲ್ಲಿರುವಂಥ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡಿನಿಂದಲೇ ಇಂಥ ಫಲಕ ಮಾಡುವ ವಿಧಾನವನ್ನು ಪ್ರಕಟಿಸಿತು. ರೆಸಿಸ್ಟರ್ ಬದಲು, ಕರೆಂಟ್ ಉಂಟುಮಾಡುವ ಕಾಂತಕ್ಷೇತ್ರ ಅಳೆಯುವ ಹಾಲ್ ಸೆನ್ಸರ್ ಬಳಸುವುದೂ ಉಂಟು.

ಇಷ್ಟೆಲ್ಲ ಏಕೆ? ಹೈಡ್ರೋಜನ್ ತಲುಪದ ಜಾಗದ ಎದುರು, ಪೊರೆಯ ಇನ್ನೊಂದು ಬದಿಯಲ್ಲಿ, ವೇಗವರ್ಧಕವಾದ ಪ್ಲಾಟಿನಂ ಕಣಗಳನ್ನು ಹೊತ್ತ ಇಂಗಾಲವೇ ಸವೆದುಹೋಗುತ್ತದೆ. ಒಟ್ಟು ವೋಲ್ಟೇಜ್ ನೋಡಿದವರಿಗೆ ಮೊದಮೊದಲು ಇದರ ಸುಳಿವೇ ಸಿಗದಿರಬಹುದು.

ಟೊಯೊಟಾದ ಮೊದಲ ಮಿರಾಯ್ ಹೈಡ್ರೋಜನ್ ಕಾರಿನಲ್ಲಿ ಇಂಥ 370 ಕೋಶಗಳು ಸಾಲಾಗಿ ಜೋಡಣೆಗೊಂಡಿದ್ದವು. ಸರಣಿ ಜೋಡಣೆಯಲ್ಲಿ ಒಂದು ಕೋಶ ಸೊರಗಿದರೂ ಅದರ ಪೆಟ್ಟು ಇಡೀ ಸಾಲಿಗೆ ಬೀಳುತ್ತದೆ.