ತಾನೇ ನಡೆಯುವ ಕೈಪಿಡಿ

ಶ್ರವಣಬೆಳಗೊಳದಿಂದ ಸುಮಾರು 50 ಕಿಲೋಮೀಟರ್ ದೂರದ ಹಾಸನದಲ್ಲಿ ಇಸ್ರೋ ಸಂಸ್ಥೆಯು 1982ರಲ್ಲಿ ಸ್ಥಾಪಿಸಿದ ಪ್ರಧಾನ ನಿಯಂತ್ರಣ ಕೇಂದ್ರವುಂಟು. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಹಗಲಿರುಳೂ ಕಾಯುವುದು ಅದರ ಕಾರ್ಯ. ಇಲ್ಲಿಂದ ಹೊರಟ ರೇಡಿಯೋ ಅಲೆ ಉಪಗ್ರಹವನ್ನು ಮುಟ್ಟಿ ಮರಳಲು ಕಾಲು ಸೆಕೆಂಡು ಸಾಕು. ಆದರೆ ಗಾಬರಿಗೊಂಡ ಮನುಷ್ಯನು ಪುಟ ಮಗುಚಿ ಸರಿಯಾದ ಆಜ್ಞೆಯನ್ನು ಹುಡುಕಲು ಎಷ್ಟು ಹೊತ್ತು ಬೇಕು? ಅಲ್ಲಿ ಕಳೆದುಕೊಂಡದ್ದು ಮರಳಿ ಬಾರದು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ, ತನ್ನ ನಿಲುವನ್ನು ಕಾಯ್ದುಕೊಳ್ಳುವ ಇಂಧನ ತೀರಿ, ಸೆಪ್ಟೆಂಬರಿನಲ್ಲಿಯೇ ನಿರುಪಯುಕ್ತವಾಯಿತು.

ಕಂಪ್ಯೂಟರ್ ವ್ಯವಸ್ಥೆಗಳನ್ನು ನಡೆಸುವ ತಂಡಗಳಿಗೂ ಇದೇ ಚಿಂತೆ. ಆಪತ್ತಿನಲ್ಲಿ ಮಾಡತಕ್ಕ ಕೆಲಸಗಳನ್ನು ಕ್ರಮವಾಗಿ ಬರೆದಿಟ್ಟ ಕೈಪಿಡಿಗೆ ರನ್‌ಬುಕ್ ಎಂದು ಹೆಸರು. ಈಗ ಅದನ್ನು ಯಂತ್ರವೇ ಓದಿ ನಡೆಸುವಂತೆ ರಚಿಸುವುದುಂಟು. ಪ್ರತಿ ಹಂತದಲ್ಲಿಯೂ ಕೊಡಬೇಕಾದ ಆಜ್ಞೆ, ಬರಬೇಕಾದ ಉತ್ತರ, ಕಾಯತಕ್ಕ ಅವಧಿ, ಉತ್ತರ ಬಾರದಿದ್ದರೆ ಮಾಡತಕ್ಕದ್ದು ಇವು ನಾಲ್ಕೂ ಸ್ಪಷ್ಟವಾಗಿರಬೇಕು.

ಡಿಸ್ಕು ತುಂಬಿತೆನ್ನೋಣ. ಹಳೆಯ ಕಡತಗಳ ಪ್ರತಿಯನ್ನು ಬೇರೆಡೆ ಇರಿಸು. ಪ್ರತಿ ಸರಿಯಿದೆಯೇ ಪರೀಕ್ಷಿಸು. ಸರಿಯಿದ್ದರೆ ಮಾತ್ರ ಮೂಲವನ್ನು ಅಳಿಸು. ಇಲ್ಲದಿದ್ದರೆ ನಿಂತು ಮನುಷ್ಯನನ್ನು ಕರೆ. ನಡುವಿನ ಪರೀಕ್ಷೆಯನ್ನು ಬಿಟ್ಟರೆ ದಾಖಲೆಗಳೇ ನಾಶವಾದಾವು.

ಆದುದರಿಂದ ಮೊದಲು ನೋಡುವ, ಅಳೆಯುವ ನಿರಪಾಯದ ಹಂತಗಳನ್ನು ಯಂತ್ರಕ್ಕೆ ಒಪ್ಪಿಸಬೇಕು. ಹಿಂತೆಗೆಯಲಾಗದ ಹಂತಗಳಿಗೆ ಮನುಷ್ಯನ ಅನುಮತಿ ಇರಲಿ. ಎಲ್ಲವನ್ನೂ ಅಣಕು ವ್ಯವಸ್ಥೆಯಲ್ಲಿ ಮೊದಲೇ ನಡೆಸಿ ನೋಡಬೇಕು. ಏಕೆಂದರೆ ಯಂತ್ರವು ನಮ್ಮ ಜಾಣ್ಮೆಯನ್ನು ನಡೆಸುವಷ್ಟೇ ವೇಗವಾಗಿ ನಮ್ಮ ತಪ್ಪನ್ನೂ ನಡೆಸುತ್ತದೆ.