ಬಿಬಿಸಿ ಮೈಕ್ರೊ ಮತ್ತು ಆಧುನಿಕ ಗಣಕಗಳ ಜಾಲಸಂಪರ್ಕ

ಬಿಬಿಸಿ ಮೈಕ್ರೊ ಬ್ರಿಟನ್ನಿನ ಏಕಾರ್ನ್ ಕಂಪ್ಯೂಟರ್ಸ್ ಸಂಸ್ಥೆಯು 1981ರ ಡಿಸೆಂಬರ್‌ನಲ್ಲಿ ಹೊರತಂದ 8-ಬಿಟ್ ಗೃಹಗಣಕ. 1984-85ರಲ್ಲಿ ಭಾರತ ಸರ್ಕಾರವು ಆರಂಭಿಸಿದ ಕ್ಲಾಸ್ (ಶಾಲೆಗಳಲ್ಲಿ ಗಣಕ ಸಾಕ್ಷರತೆ ಮತ್ತು ಅಧ್ಯಯನ) ಯೋಜನೆಯಡಿ ದೇಶದ ಶಾಲೆಗಳಿಗೆ ಈ ಗಣಕವನ್ನು ಒದಗಿಸಲಾಯಿತು. ಕ್ಯಾಸೆಟ್ ಮತ್ತು ಫ್ಲಾಪಿಗಳು ಕಾಲಕ್ರಮೇಣ ಹಾಳಾಗುವುದರಿಂದ, ಅವುಗಳಲ್ಲಿರುವ ಕಡತಗಳನ್ನು ಉಳಿಸಿಕೊಳ್ಳಲು ಇದನ್ನು ಲಿನಕ್ಸ್ ಅಥವಾ ವಿಂಡೋಸ್ ಬಳಸುವ ಗಣಕಕ್ಕೆ ಜೋಡಿಸಲಾಗುತ್ತದೆ.

ಸೀರಿಯಲ್ ಸಂಪರ್ಕ

ಮಾಡೆಲ್ ಬಿ ಗಣಕದಲ್ಲಿ 32 ಕಿಲೋಬೈಟ್ ಸ್ಮೃತಿಯೂ ಆರ್‌ಎಸ್-423 ಎಂಬ ಸೀರಿಯಲ್ ಪೋರ್ಟ್ ಕೂಡ ಇವೆ. ಇದು ಆರ್‌ಎಸ್-232 ಸಾಧನಗಳೊಂದಿಗೆ ಹೊಂದಿಕೊಳ್ಳುವುದರಿಂದ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಮೂಲಕ ಜೋಡಿಸಬಹುದು. ಒಂದು ಗಣಕದ ರವಾನೆಯ ತಂತಿಯು ಇನ್ನೊಂದರ ಸ್ವೀಕೃತಿಯ ತಂತಿಗೆ ಸೇರಬೇಕು. ಇದರ 5 ಪಿನ್‌ಗಳ ಪ್ಲಗ್ಗನ್ನು ತಲೆಕೆಳಗಾಗಿಯೂ ತೂರಿಸಬಹುದಾದ್ದರಿಂದ, ಸಂಪರ್ಕ ಸಿಗದಿದ್ದರೆ ಮೊದಲು ಅದನ್ನೇ ಪರೀಕ್ಷಿಸುವುದು ಸೂಕ್ತ.

*ಎಫ್‌ಎಕ್ಸ್ 7,7 ಮತ್ತು *ಎಫ್‌ಎಕ್ಸ್ 8,7 ಆದೇಶಗಳು ಕ್ರಮವಾಗಿ ಸ್ವೀಕೃತಿ ಮತ್ತು ರವಾನೆಯ ವೇಗವನ್ನು 9600 ಬಾಡ್‌ಗೆ ನಿಗದಿಪಡಿಸುತ್ತವೆ. ಒಂದು ಬೈಟ್‌ಗೆ ಆರಂಭ ಮತ್ತು ಅಂತ್ಯದ ಬಿಟ್‌ಗಳು ಸೇರಿ 10 ಬಿಟ್ ಬೇಕಾಗುವುದರಿಂದ ಸೆಕೆಂಡಿಗೆ 960 ಬೈಟ್ ಸಾಗುತ್ತವೆ. 32 ಕಿಲೋಬೈಟ್‌ಗೆ ಸುಮಾರು 34 ಸೆಕೆಂಡು ಹಿಡಿಯುತ್ತದೆ. ಸ್ವೀಕೃತಿಯ ತಾತ್ಕಾಲಿಕ ಸಂಗ್ರಹವು ಕೇವಲ 256 ಬೈಟ್ ಆಗಿರುವುದರಿಂದ, ರವಾನೆಯನ್ನು ನಿಲ್ಲಿಸಲು ಸೂಚಿಸುವ ಆರ್‌ಟಿಎಸ್ ಮತ್ತು ಸಿಟಿಎಸ್ ತಂತಿಗಳನ್ನೂ ಜೋಡಿಸಬೇಕು. ಇಲ್ಲವಾದರೆ ಅಕ್ಷರಗಳು ಕಳೆದುಹೋಗುವ ಸಂಭವವಿದೆ.

ಇಕೋನೆಟ್

ಇಕೋನೆಟ್ ಏಕಾರ್ನ್ ಸಂಸ್ಥೆಯದೇ ಸ್ಥಳೀಯ ಜಾಲ. ಇದರಲ್ಲಿ ಪ್ರತಿ ಗಣಕಕ್ಕೂ ಒಂದು ಸಂಖ್ಯೆಯಿದ್ದು, ಕಡತಗಳು ಒಂದು ಸರ್ವರ್‌ನಲ್ಲಿರುತ್ತವೆ. ಇದು ಈಥರ್ನೆಟ್‌ಗಿಂತ ಭಿನ್ನವಾದುದರಿಂದ ನೇರವಾಗಿ ಇಂದಿನ ಜಾಲಕ್ಕೆ ಸೇರುವುದಿಲ್ಲ. ನಡುವೆ ಸಂಪರ್ಕ ಸೇತುವೆಯೊಂದು ಬೇಕು. ರಾಸ್ಪ್‌ಬೆರಿ ಪೈ ಗಣಕಕ್ಕೆ ವಿಶೇಷ ಫಲಕವನ್ನು ಅಳವಡಿಸಿ ಇಂತಹ ಸೇತುವೆಯನ್ನು ರೂಪಿಸಲಾಗಿದೆ. ಇಕೋನೆಟ್ ಸಂದೇಶಗಳನ್ನು ಯುಡಿಪಿ ಮೂಲಕ ಸಾಗಿಸುವ ಏಯುಎನ್ ವಿಧಾನವೂ ಇದೆ.

ಕನ್ನಡ ಪಠ್ಯದ ತೊಡಕು

ತಂತಿಗಳು ಸರಿಯಾಗಿ ಜೋಡಣೆಯಾದರೂ ಪಠ್ಯವು ಓದಲು ಬರುತ್ತದೆಂಬ ಖಾತ್ರಿಯಿಲ್ಲ. ಬೀದರ್ ಜಿಲ್ಲೆಯ 'ಭಾಲ್ಕಿ' ಎಂಬ ಊರಿನ ಹೆಸರು ಯೂನಿಕೋಡ್‌ನಲ್ಲಿ ಭ, ಆಕಾರದ ಚಿಹ್ನೆ, ಲ, ಹಲಂತ, ಕ, ಇಕಾರದ ಚಿಹ್ನೆ ಎಂಬ 6 ಸಂಕೇತಗಳಾಗುತ್ತದೆ. ಯುಟಿಎಫ್-8 ಕ್ರಮದಲ್ಲಿ ಪ್ರತಿ ಸಂಕೇತಕ್ಕೆ 3 ಬೈಟ್‌ನಂತೆ ಒಟ್ಟು 18 ಬೈಟ್ ಬೇಕು. ಬಿಬಿಸಿ ಮೈಕ್ರೊ ಇವುಗಳನ್ನು 18 ಬೇರೆಬೇರೆ ಸಂಕೇತಗಳೆಂದು ಭಾವಿಸುತ್ತದೆ. ವಿಡಿಯು 23 ಆದೇಶದಿಂದ 8×8 ಚುಕ್ಕೆಗಳ ಹೊಸ ಅಕ್ಷರರೂಪಗಳನ್ನು ರಚಿಸಿಕೊಳ್ಳಬಹುದಾದರೂ, ಒತ್ತಕ್ಷರಗಳಿಗೆ ಒಂದಕ್ಕಿಂತ ಹೆಚ್ಚು ಚೌಕಗಳು ಬೇಕಾಗುತ್ತವೆ. ಹೀಗಾಗಿ ಪರಿವರ್ತನೆಯ ಕೆಲಸವನ್ನು ಆಧುನಿಕ ಗಣಕಕ್ಕೆ ವಹಿಸುವುದು ಅನುಕೂಲಕರ.

ಸುರಕ್ಷತೆ

ಸೀರಿಯಲ್ ತಂತಿಯಲ್ಲಿ ದತ್ತಾಂಶವು ಗೂಢಲಿಪೀಕರಣವಿಲ್ಲದೆ ಸಾಗುತ್ತದೆ. ಆದ್ದರಿಂದ ಹಳೆಯ ಯಂತ್ರವನ್ನು ಆಧುನಿಕ ಗಣಕದ ಹಿಂದೆ ಇರಿಸಿ, ಅಂತರಜಾಲದೊಂದಿಗಿನ ವ್ಯವಹಾರವನ್ನು ಆಧುನಿಕ ಗಣಕದಿಂದಲೇ ನಡೆಸುವುದು ಒಳಿತು.